ಕೇಳಿದವರು ತಿಳಿಸಬೇಕು

ಇನ್ನೊಬ್ಬರ ನಾಚಿಕೆಯನ್ನು ಎತ್ತಿ ನಾಲ್ಕು ಜನರ ಮುಂದೆ ಇಡುವುದು ಸರಿಯೋ ತಪ್ಪೋ ಎಂದು ಬಹಳ ದಿನ ಯೋಚಿಸಿದ್ದಾಯಿತು. ಸರಿ ಎನ್ನುವ ಧೈರ್ಯ ಈಗಲೂ ಬಂದಿಲ್ಲ. ಹಗಲೆಲ್ಲ ದುಡಿದು ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತವರ ಬರವಣಿಗೆ ಇದು. ಹೇಳಬಾರದ್ದನ್ನು ಹೇಳಿದ್ದರೆ ಓದುವವರು ಕ್ಷಮಿಸಬೇಕು. ಎಲ್ಸಿರಾ ಮಾನ್ಸಿಯಾ ಕೂಡ ಕ್ಷಮಿಸಬೇಕು.

ದ್ವೀಪದ ಊರು ಅಚಾವ್‌ನಿಂದ ಹೊರಟ ಬೆಳಗಿನ ಬಸ್ಸು ಕಡವಿನ ಹತ್ತಿರ ಸಾಲಿನಲ್ಲಿ ನಿಂತಿತ್ತು. ಎದುರಿಗೆ ಕಿರಿದಾದ ಕಡಲು, ಅದರಾಚೆ ದಾಲ್ಕಾವೆ. ವಾಹನ ದಾಟಿಸುವ ಫೆರ್ರಿ ಇನ್ನೂ ಆ ದಡದಲ್ಲೇ ಇತ್ತು. ಕಿಟಕಿಯ ಪಕ್ಕ ಕೂತಿದ್ದ ಎಲ್ಸಿರಾ ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದು ಹೀಗಿತ್ತು: ‘ನಾನು ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ದಿನಪತ್ರಿಕೆಯನ್ನು ಓದುತ್ತೇನೆ. ಸಂಜೆ ಟೆಲಿವಿಷನ್ನಿನಲ್ಲಿ ಅಂತರರಾಷ್ಟ್ರೀಯ ವಾರ್ತೆಗಳನ್ನು ವೀಕ್ಷಿಸುತ್ತೇನೆ. ವಾರ್ತೆಗಳು ನಮ್ಮ ಜ್ಞಾನವನ್ನು ವಿಸ್ತರಿಸುತ್ತವೆ.’ ಅವಳ ಮನೆಗೆ ಯಾವತ್ತೂ ಪತ್ರಿಕೆ ಬಂದದ್ದಿಲ್ಲ. ಕಾಫಿ ಕುಡಿದರೆ ಅವಳಿಗೆ ಎದೆಯುರಿ. ಆದರೆ ಮಾತಿನ ಪರೀಕ್ಷೆಯಲ್ಲಿ ಸುದ್ದಿಯ ಅಭ್ಯಾಸದ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದು ಸಂಜೆ ತರಗತಿಯ ಮಿಸ್ ಗ್ಲಾದಿಸ್ ಹೇಳಿದ್ದರು. ಎಲ್ಲರಿಂದಲೂ ಒಂದೊಂದು ಉತ್ತರ ಬರೆಸಿದ್ದರು.

ಡ್ರೈವರು ರೇಡಿಯೋದ ಧ್ವನಿ ಏರಿಸಿದ. ಬಸ್ಸು ತಾನಾಗಿಯೇ ಸುಮ್ಮನಾಯಿತು. ದ್ವೀಪಗಳ ಸಂದೇಶ ಓದುವ ಹೊತ್ತು ಅದು.

“ಕೆನಾಕ್ ದ್ವೀಪದ ದೊನ್ ಅರ್ತೆಮಿಯೊ ಅವರಿಗೆ: ಹಲ್ಲಿನ ಸೆಟ್ಟು ತಯಾರಾಗಿದೆ. ಬರುವಾಗ ಹಳೆಯದನ್ನೂ ತರತಕ್ಕದ್ದು.”

ಹಿಂದಿನ ಸೀಟಿನಲ್ಲಿ ನಗು ಎದ್ದಿತು. “ಹಳೇದು ಎಲ್ಲಿಂದ ತರ್ತಾನೆ? ನಾಯಿ ಕಚ್ಕೊಂಡು ಹೋಯ್ತಲ್ಲ.”

“ಶ್!” ಎಂದಳು ಎಲ್ಸಿರಾಳ ಪಕ್ಕದಲ್ಲಿದ್ದ ದೊನ್ಯಾ ಸುನಿಲ್ದಾ. ಮುದುಕಿಯ ತೊಡೆಯ ಮೇಲೆ ಕಾಸ್ತ್ರೋ ಪಟ್ಟಣದ ಸಂತೆಗೆ ಒಯ್ಯುವ ಬೆಳ್ಳುಳ್ಳಿಯ ಬುಟ್ಟಿ ಇತ್ತು.

“ಅಪಿಯಾವ್ ದ್ವೀಪದ ಎಲಿಯೆಸೆರ್ ಚಿಗುವಾಯ್, ಎಲ್ಲಿದ್ದರೂ: ತಾಯಿ ಉಬರ್ಲಿಂದಾ ಅವರ ಸ್ಥಿತಿ ಸೂಕ್ಷ್ಮವಾಗಿದೆ. ಇವತ್ತಿನ ದೋಣಿಯಲ್ಲೇ ಹೊರಟು ಬರತಕ್ಕದ್ದು. ಕೇಳಿದವರು ತಿಳಿಸಬೇಕು.”

ರೇಡಿಯೋದವರು ಸಾಯುತ್ತಿದ್ದಾರೆ ಎಂದು ಯಾವತ್ತೂ ಓದುವುದಿಲ್ಲ. ಸೂಕ್ಷ್ಮ ಎನ್ನುತ್ತಾರೆ. ಅದರ ಜೊತೆಗೆ ಇವತ್ತಿನ ದೋಣಿಯೂ ಸೇರಿದರೆ ಕೇಳಿದವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಬಸ್ಸಿನಲ್ಲೂ ಮಾಡಿಕೊಂಡರು.

“ಉಬರ್ಲಿಂದಾ ಅಂದ್ರೆ ಯಾರು, ಆ ಉಣ್ಣೆ ನೂಲೋಳಾ?”

“ಅವ್ಳೇ ಕಣೇ. ನಮ್ಮಣ್ಣ ಮುಳುಗಿದಾಗ ಕೆಸರಲ್ಲಿ ನಡ್ಕೊಂಡ್ ಬಂದು ಸುದ್ದಿ ಕೊಟ್ಟಿದ್ಲು. ಚಿಕ್ ಮಗ ಸಮುದ್ರದಲ್ಲಿ ಸಾಲ್ಮನ್ ಮೀನು ಸಾಕೋ ಪಂಜರದಲ್ಲಿ ಕೆಲ್ಸಕ್ಕಿದಾನೆ.”

“ಪಂಜರದ ಹತ್ರ ರೇಡಿಯೋ ಎಲ್ಲಿ ಕೇಳ್ಸುತ್ತೆ? ಇಂಜಿನ್ ಗದ್ಲದಲ್ಲಿ ಅವ್ರಿಗೆ ಅವ್ರ ಮಾತೇ ಕೇಳ್ಸಲ್ಲ.”

“ಅವ್ನು ನಂಗೆ ಸಿಗ್ತಾನೆ,” ಎಂದಳು ಎಲ್ಸಿರಾ. ಯೋಚಿಸುವ ಮೊದಲೇ ಮಾತು ಹೊರಗೆ ಬಂದಿತ್ತು. “ಇವತ್ತೇ. ಕಾಸ್ತ್ರೋದಲ್ಲಿ. ಇಬ್ರಿಗೂ ಪರೀಕ್ಷೆ ಇದೆ.”

ಇಡೀ ಬಸ್ಸು ಅವಳತ್ತ ತಿರುಗಿತು. ಡ್ರೈವರು ಕನ್ನಡಿಯಲ್ಲೇ ಅವಳನ್ನು ಹುಡುಕಿದ. “ನೋಡಮ್ಮಾ, ಸಿಕ್ಕಿದ್ ತಕ್ಷಣ ಹೇಳ್ಬಿಡು. ನಾನು ಕಾಸ್ತ್ರೋದಲ್ಲಿ ಸ್ವಲ್ಪ ನಿಂತು ವಾಪಸ್ ಹೊರಡ್ತೀನಿ. ಈ ಬಸ್ಸು ಹಿಡಿದ್ರೆ ಅವ್ನಿಗೆ ಮಧ್ಯಾಹ್ನದ ದೋಣಿ ಸಿಗುತ್ತೆ. ಮುಂದಿನ ಬಸ್ಸಾದ್ರೆ ಆಗಲ್ಲ.”

ದೊನ್ಯಾ ಸುನಿಲ್ದಾ ಬೆಳ್ಳುಳ್ಳಿ ವಾಸನೆಯ ಕೈಯನ್ನು ಅವಳ ಮಂಡಿಯ ಮೇಲಿಟ್ಟಳು. “ಹಂಗಾದ್ರೆ ನಿನ್ ಕೈಲಿದೆ ಮಗಳೇ,” ಎಂದಳು. ಭಾರವನ್ನು ಸರಿಯಾದ ಜಾಗದಲ್ಲಿ ಇಳಿಸಿದವಳ ಹಾಗೆ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿದಳು.

ಫೆರ್ರಿ ಬಂತು. ದಾಟುವಾಗ ಎಲ್ಸಿರಾಗೆ ಹೇಳಬೇಕು ಎನ್ನುವುದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಎಲಿಯೆಸೆರ್ ತರಗತಿಯಲ್ಲಿ ಅವಳ ಮುಂದಿನ ಬೆಂಚಿನ ಹುಡುಗ. ಅವನ ಫೋನು ಹೋದ ವಾರ ಸಮುದ್ರಕ್ಕೆ ಬಿದ್ದಿತ್ತು. ‘ಈಗ ಏಡಿಗಳು ಅದ್ರಲ್ಲಿ ಮಾತಾಡ್ತಾ ಇರ್ಬೇಕು, ಬಿಲ್ಲು ನಂಗೆ ಬರುತ್ತೆ’ ಎಂದು ಎಲ್ಲರನ್ನೂ ನಗಿಸಿದ್ದ. ಪಂಜರದ ಪಾಳಿ ಮುಗಿಸಿ ನೇರವಾಗಿ ಪರೀಕ್ಷೆಗೇ ಬರುತ್ತೇನೆ ಎಂದಿದ್ದ. ಅವನಿಗೆ ಸುದ್ದಿ ಮುಟ್ಟಿಸುವ ದಾರಿ ಅವಳೊಬ್ಬಳೇ.

ದಾಲ್ಕಾವೆಯ ದಡ ಹತ್ತಿದ ಮೇಲೆ ಎರಡನೆಯ ಯೋಚನೆ ಬಂತು.

ಆ ಪರೀಕ್ಷೆಗೆ ಒಬ್ಬೊಬ್ಬರೇ ಹೋಗುವಂತಿಲ್ಲ, ಜೋಡಿಯಾಗಿ ಕೂರಬೇಕು. ಎಲ್ಸಿರಾಗೆ ಜೋಡಿ ಎಲಿಯೆಸೆರ್. ‘ನಿಮ್ಮಲ್ಲಿ ಒಬ್ರು ತಪ್ಪಿಸ್ಕೊಂಡ್ರೆ ಇನ್ನೊಬ್ರ ಪರೀಕ್ಷೆನೂ ಹೋಯ್ತು ಅಂತ ತಿಳ್ಕೊಳ್ಳಿ, ಆಮೇಲೆ ನನ್ ಹತ್ರ ಅಳ್ಬೇಡಿ’ ಎಂದು ಮಿಸ್ ಗ್ಲಾದಿಸ್ ಬೆರಳು ಆಡಿಸಿ ಹೇಳಿದ್ದರು. ಅದು ಸಾಲ್ಮನ್ ಮೀನಿಗೆ ಕಾಯಿಲೆ ಬಂದ ವರ್ಷ. ಎಲ್ಸಿರಾ ದುಡಿಯುವ ಕಾರ್ಖಾನೆಯಲ್ಲಿ ಮೀನು ಸೀಳುವ ಸಾಲಿನ ಅರ್ಧ ಜನರನ್ನು ಆಗಲೇ ಮನೆಗೆ ಕಳಿಸಿದ್ದರು. ಉಳಿದವರು ಪ್ರತಿ ಶನಿವಾರ ಫೋರ್‌ಮನ್ನನ ಮುಖ ನೋಡುತ್ತಿದ್ದರು. ಪ್ರಯೋಗಾಲಯದಲ್ಲಿ, ಸತ್ತ ಮೀನಿನ ಮಾದರಿ ತೆಗೆದುಕೊಳ್ಳುವ ಕಡೆ, ಒಂದು ಜಾಗ ಖಾಲಿ ಇತ್ತು. ಅಲ್ಲಿಯ ಯಜಮಾನರು ನಾರ್ವೆಯವರು. ಇಂಗ್ಲಿಷಿನ ಸರ್ಟಿಫಿಕೇಟು ಬೇಕೇ ಬೇಕು. ಮನೆಯಲ್ಲಿ ತಾಯಿ, ಶಾಲೆಗೆ ಹೋಗುವ ಮಗಳು. ಮುಂದಿನ ಪರೀಕ್ಷೆ ಬರುವ ಹೊತ್ತಿಗೆ ಆ ಜಾಗವೂ ಇರುವುದಿಲ್ಲ, ಕಾರ್ಖಾನೆಯೇ ಇರುತ್ತದೋ ಇಲ್ಲವೋ.

ಹೇಳಿದರೆ ಅವನು ಹೋಗುತ್ತಾನೆ. ಅವನು ಹೋದರೆ ನನ್ನದು ಮುಗಿಯಿತು. ಹೀಗೆ ಅಂದುಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಛೀ, ಹೇಳಿಯೇ ಬಿಡುತ್ತೇನೆ ಎಂದು ಬಸ್ಸಿನಿಂದ ಇಳಿದಳು. “ಬೇಗ ಹೋಗು ಮಗಳೇ,” ಎಂದು ಮುದುಕಿ ಹಿಂದಿನಿಂದ ಕೂಗಿದಳು. ಎಲ್ಸಿರಾ ಬೇಗಬೇಗ ನಡೆದಳು. ಪರೀಕ್ಷೆಯ ಕಟ್ಟಡ ಕಾಣಿಸಿದ ಮೇಲೆ ಕಾಲು ನಿಧಾನವಾಯಿತು.

ಎಲಿಯೆಸೆರ್ ಕಾಯುವ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಯಾರದೋ ಕೋಟು, ತೋಳು ಮಣಿಕಟ್ಟಿಗಿಂತ ಮೇಲಿತ್ತು. ಉಪ್ಪುನೀರಿಗೆ ಬಿರಿದ ಕೈಗಳು. ಕೂದಲನ್ನು ನೀರು ಹಚ್ಚಿ ಬಾಚಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

“ವೆಸಿನಾ! ಬಂದ್ರಾ! ಹೆದ್ರಿ ಓಡೋದ್ರೇನೋ ಅನ್ಕೊಂಡಿದ್ದೆ.”

ವೆಸಿನಾ ಎಂದರೆ ನೆರೆಯವಳು. ದ್ವೀಪಗಳಲ್ಲಿ ದೋಣಿ ಹತ್ತಿ ಹೋಗಬೇಕಾದಷ್ಟು ದೂರದಲ್ಲಿದ್ದವಳೂ ನೆರೆಯವಳೇ.

“ಓಡೋದು ನೀನು,” ಎಂದಳು.

“ನಾನೆಲ್ಲಿ ಓಡ್ಲಿ? ಈ ಬೂಟು ಮಾವಂದು, ನಡೆದ್ರೇ ಕಳಚುತ್ತೆ. ವೆಸಿನಾ, ಅಮ್ಮ ಏನ್ ಕೇಳಿದ್ಲು ಗೊತ್ತಾ ಹೋದ್ಸಲ ಹೋದಾಗ? ಆ ಪರೀಕ್ಷೆಗೆ ಖಾಲಿ ಹೊಟ್ಟೇಲಿ ಹೋಗ್ಬೇಕೇನೋ ಅಂದ್ಲು. ರಕ್ತ ತೆಗೀತಾರೆ ಅನ್ಕೊಂಡಿದಾಳೆ!”

ಅವನು ಜೋರಾಗಿ ನಕ್ಕ. ಕಾಯುತ್ತಿದ್ದ ಇತರರು ತಲೆಯೆತ್ತಿ ನೋಡಿದರು.

“ಎಲಿಯೆಸೆರ್,” ಎಂದಳು ಎಲ್ಸಿರಾ.

“ಏನು?”

ಬಾಯಿ ತೆರೆದೇ ಇತ್ತು. ಕಿಟಕಿಯಾಚೆ ಬೀದಿಯಲ್ಲಿ ಬಸ್ಸುಗಳು ನಿಲ್ಲುವ ಕಡೆಗೆ ಹೋಗುವವರು ಕಾಣುತ್ತಿದ್ದರು.

“ನಿನ್ ಟೈ ಸೊಟ್ಟಗಿದೆ.”

“ಟೈ ಅಲ್ಲ ವೆಸಿನಾ, ಕತ್ತೇ ಸೊಟ್ಟ,” ಎಂದು ಅವನು ಬಾಗಿದ. ಅವಳು ಅವನ ಟೈ ಸರಿಮಾಡಿದಳು. ಗಂಟು ಬಿಚ್ಚಿ, ಮತ್ತೆ ಕಟ್ಟಿ, ಕಾಲರಿನ ಕೆಳಗೆ ಕೂರಿಸಿದಳು. ಅವಳು ಗಂಟನ್ನು ಮತ್ತೊಮ್ಮೆ ಎಳೆದು ನೋಡಿದ್ದನ್ನು ಕಂಡು, “ಹೆದರ್ಬೇಡಿ, ನಿಮ್ ಇಂಗ್ಲಿಷ್ ಚೆನ್ನಾಗಿದೆ. ನನ್ನ ನೋಡಿ ಧೈರ್ಯ ತಗೊಳ್ಳಿ, ನಂಗೇನೂ ಬರಲ್ಲ,” ಎಂದ.

ಸ್ವಲ್ಪ ಹೊತ್ತಿನ ಕೆಲಸ, ಮುಗಿದ ಕೂಡಲೇ ಹೇಳುತ್ತೇನೆ ಎಂದು ಅವಳು ತನಗೆ ಹೇಳಿಕೊಂಡಳು. ಡ್ರೈವರು ಹೇಳಿದ ಮಾತು ಅವಳಿಗೆ ಮರೆತಿರಲಿಲ್ಲ. ತಾವು ಒಳಗಿರುವಾಗಲೇ ಆ ಬಸ್ಸು ಹೊರಡುತ್ತದೆ ಎನ್ನುವುದು ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿಕೊಂಡಳು. ಅಷ್ಟರಲ್ಲಿ ಅವರ ಹೆಸರು ಕರೆದರು.

ಒಳಗೆ ಮೇಜಿನ ಆಚೆ ಶಾಲು ಹೊದ್ದ ಒಬ್ಬ ಹೆಂಗಸು, ಸಾಂತಿಯಾಗೋದಿಂದ ಬಂದವರು. ಮೂಲೆಯಲ್ಲಿ ಒಬ್ಬ ಗಂಡಸು, ಮಾತಾಡದೆ ಅಂಕ ಹಾಕುವವನು. ಹೆಂಗಸು ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ಎಲ್ಸಿರಾಳತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: “ನೀವು ಸುದ್ದಿಯನ್ನು ಸಾಮಾನ್ಯವಾಗಿ ಹೇಗೆ ತಿಳಿದುಕೊಳ್ಳುತ್ತೀರಿ?”

“ನಾನು ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ದಿನಪತ್ರಿಕೆಯನ್ನು ಓದುತ್ತೇನೆ,” ಎಂದಳು ಎಲ್ಸಿರಾ. ಒಂದು ಪದವೂ ತಪ್ಪಲಿಲ್ಲ. ಪಕ್ಕದಲ್ಲಿ ಎಲಿಯೆಸೆರ್ ಮೆಚ್ಚಿಗೆಯಿಂದ ತಲೆಯಾಡಿಸಿದ.

“ಇತ್ತೀಚೆಗೆ ನೀವು ಕೇಳಿದ ಒಂದು ಸುದ್ದಿಯನ್ನು ನಮಗೆ ಹೇಳಬಹುದೇ?”

ಇದು ಬಾಯಿಪಾಠದಲ್ಲಿ ಇರಲಿಲ್ಲ. ಎಲ್ಸಿರಾಳ ತಲೆಯಲ್ಲಿ ಇದ್ದದ್ದು ಒಂದೇ ಸುದ್ದಿ. ಅದು ರೇಡಿಯೋದವನ ಧ್ವನಿಯಲ್ಲಿ, ಬಸ್ಸಿನ ವಾಸನೆಯ ಸಮೇತ ಇತ್ತು. ಅವಳು ಮೇಜನ್ನು ನೋಡಿದಳು. ಮೂಲೆಯವನ ಪೆನ್ನು ನಿಂತಿತು.

“ಮೀನಿನ ಕಾಯಿಲೆಯ ಬಗ್ಗೆ... ಓದಿದೆನು,” ಎಂದಳು ಕೊನೆಗೆ. “ಅದು ಅತ್ಯಂತ ವಿಷಾದಕರ.”

“ಧನ್ಯವಾದ. ಎಲಿಯೆಸೆರ್, ನೀವು?”

ಎಲಿಯೆಸೆರ್ ಕುರ್ಚಿಯ ಅಂಚಿಗೆ ಸರಿದ. ಅವನಿಗೂ ಮಿಸ್ ಗ್ಲಾದಿಸ್ ಒಂದು ಉತ್ತರ ಬರೆಸಿದ್ದರು. ಅದು ಅವನಿಗೆ ಮರೆತೇ ಹೋಗಿತ್ತು. ಕೈಗೆ ಸಿಕ್ಕಿದ ಪದಗಳನ್ನು ಒಂದೊಂದಾಗಿ ಎತ್ತಿ ಇಡತೊಡಗಿದ.

“ನನ್ನ ದ್ವೀಪ, ಪತ್ರಿಕೆ ಇಲ್ಲ. ಪತ್ರಿಕೆ ಬರುತ್ತದೆ, ಹೌದು. ಆದರೆ ಒಳಗೆ ಮೊಳೆ.”

“ಮೊಳೆ?”

“ಅಂಗಡಿ. ಮೊಳೆ ಸುತ್ತುವುದು, ಪತ್ರಿಕೆ. ನನ್ನ ಅಮ್ಮ ಮೊಳೆ ತೆಗೆಯುವಳು, ಪತ್ರಿಕೆ ಓದುವಳು. ಬಹಳ ಹಳೆಯ ಸುದ್ದಿ. ಅಮ್ಮ ಹೇಳುವಳು, ಮೊಳೆ ಚೆನ್ನಾಗಿದೆ, ಸುದ್ದಿ ತುಕ್ಕು.”

ಹೆಂಗಸು ನಕ್ಕುಬಿಟ್ಟರು. ಮೂಲೆಯವನೂ ನಕ್ಕ. ಎಲಿಯೆಸೆರ್‌ಗೆ ಹುರುಪು ಬಂತು.

“ನಮಗೆ ರೇಡಿಯೋ. ಜನರ ಸುದ್ದಿ. ಈ ಮನುಷ್ಯನಿಗೆ, ಆ ಮನುಷ್ಯನಿಗೆ. ನನ್ನ ಅಮ್ಮ ಎಲ್ಲ ಕೇಳುವಳು. ಆಗ ಯಾರೂ ಮಾತಾಡಬಾರದು, ಬೆಕ್ಕು ಕೂಡ. ಬೇರೆಯವರ ಸುದ್ದಿ ಬಂದರೆ, ಅವರಿಗೆ ರೇಡಿಯೋ ಇಲ್ಲದಿದ್ದರೆ, ಅಮ್ಮ ಬೂಟು ಹಾಕುವಳು. ನಡೆಯುವಳು. ದೂರ, ಕೆಸರು, ಪರವಾಗಿಲ್ಲ. ಒಮ್ಮೆ ನಾನು ಚಿಕ್ಕವ. ನನಗೆ ಹಸಿವು. ನಾನು ಹೇಳಿದೆ, ಅಮ್ಮ, ಮೊದಲು ಊಟ. ಅಮ್ಮ ಹೇಳಿದಳು...” ಅವನು ಪದ ಹುಡುಕುತ್ತ ಸೂರನ್ನು ನೋಡಿದ. “ಅಮ್ಮ ಹೇಳಿದಳು, ಅವರ ಸುದ್ದಿ ನನ್ನ ಬಾಯಲ್ಲಿದೆ. ನಾನು ಹೇಗೆ ಊಟ ಮಾಡಲಿ?”

ಹೆಂಗಸು ಶಾಲು ಸರಿಮಾಡಿಕೊಂಡು, “ಧನ್ಯವಾದ,” ಎಂದರು. ಎಲ್ಲರಿಗೂ ಹೇಳುವ ಧನ್ಯವಾದದ ಹಾಗೆ ಅದು ಕೇಳಿಸಲಿಲ್ಲ.

ಆಮೇಲೆ ಇಬ್ಬರ ಮುಂದೆಯೂ ಒಂದು ಹಾಳೆ ಇಟ್ಟರು. ಅದರಲ್ಲಿ ಚಿತ್ರಗಳು: ಪತ್ರಿಕೆ, ಟೆಲಿವಿಷನ್, ಕಂಪ್ಯೂಟರು, ರೇಡಿಯೋ, ಬೇಲಿಯ ಎರಡೂ ಕಡೆ ನಿಂತು ಮಾತಾಡುತ್ತಿರುವ ಇಬ್ಬರು ಹೆಂಗಸರು. ಸುದ್ದಿ ತಿಳಿಯಲು ಯಾವುದು ಉತ್ತಮ, ಇಬ್ಬರೂ ಚರ್ಚಿಸಿ ಎಂದರು.

ಎಲಿಯೆಸೆರ್ ಯೋಚಿಸಲೇ ಇಲ್ಲ. ಬೇಲಿಯ ಚಿತ್ರದ ಮೇಲೆ ಬೆರಳಿಟ್ಟ. “ಇದು. ನೆರೆಯವಳು. ರೇಡಿಯೋ ಹೇಳಿತು, ಮುಗಿಯಿತು. ರೇಡಿಯೋಗೆ ಕಾಲಿಲ್ಲ. ನೆರೆಯವಳಿಗೆ ಕಾಲಿದೆ.” ಆಮೇಲೆ ತರಗತಿಯಲ್ಲಿ ಕಲಿಸಿದ್ದ ಪದ್ಧತಿ ನೆನಪಾಗಿ ಅವಳ ಕಡೆ ಪೂರ್ತಿ ತಿರುಗಿ ಕೂತ. “ನೀವು ಒಪ್ಪುತ್ತೀರಾ, ಎಲ್ಸಿರಾ?”

ಅವನ ಮುಖದಲ್ಲಿ ನಗು ಇತ್ತು. ಟೈ ನೆಟ್ಟಗಿತ್ತು.

“ಹೌದು,” ಎಂದಳು ಎಲ್ಸಿರಾ. “ನಾನು ನಿಮ್ಮೊಂದಿಗೆ ಸಂಪೂರ್ಣವಾಗಿ ಒಪ್ಪುತ್ತೇನೆ. ನೆರೆಯವರು ಅತ್ಯಂತ ವಿಶ್ವಾಸಾರ್ಹರು.”

ಕೊನೆಯ ಆ ಕಷ್ಟದ ಪದವನ್ನು ಮಿಸ್ ಗ್ಲಾದಿಸ್ ಅವಳಿಂದ ಮತ್ತೆ ಮತ್ತೆ ಹೇಳಿಸಿ ತಿದ್ದಿದ್ದರು. ಅವಳ ಬಾಯಿಂದ ಅದು ಸ್ವಚ್ಛವಾಗಿ ಬಂತು. ಮೂಲೆಯವನು ಏನೋ ಬರೆದುಕೊಂಡ.

ಹೊರಗೆ ಬಂದಾಗ ಬಾಗಿಲ ಹತ್ತಿರ ಮುಂದಿನ ಜೋಡಿ ನಿಂತಿತ್ತು. ಜೊತೆಗೆ ಒಬ್ಬ ಹುಡುಗಿಯೂ ಇದ್ದಳು. ಮೂವರೂ ಒಟ್ಟಿಗೆ ಒಳಗೆ ಹೋದರು. ಎಲ್ಸಿರಾ ಕೌಂಟರಿನ ಹೆಂಗಸಿನ ಹತ್ತಿರ ಹೋದಳು. ಕೌಂಟರಿನ ಮೇಲೆ ಸಣ್ಣ ರೇಡಿಯೋ ಮೆಲ್ಲಗೆ ಹಾಡುತ್ತಿತ್ತು.

“ಅವ್ರು ಯಾಕೆ ಮೂರ್ ಜನ?”

“ಆ ಹುಡ್ಗಿ ಜೋಡಿ ಬಂದಿಲ್ಲಮ್ಮ, ಜ್ವರ ಅಂತೆ. ಹಂಗಾದಾಗ ಮೂವರನ್ನ ಕೂರಿಸ್ತಾರೆ.”

“ಪರೀಕ್ಷೆ ರದ್ದಾಗಲ್ವಾ?”

“ಯಾರ್ ಹೇಳಿದ್ರು ನಿಮ್ಗೆ? ಯಾಕಾಗುತ್ತೆ, ಪಾಪ, ಬಂದವ್ರದ್ದೇನು ತಪ್ಪು?”

ಎಲ್ಸಿರಾ ಕೌಂಟರಿನ ಅಂಚು ಹಿಡಿದು ನಿಂತಳು. ಮಿಸ್ ಗ್ಲಾದಿಸ್ ಹೆದರಿಸಲು ಹೇಳಿದ್ದ ಮಾತನ್ನು ತಾನು ಒಬ್ಬರನ್ನಾದರೂ ಕೇಳಿ ನೋಡಬಹುದಿತ್ತು. ಈ ಹೆಂಗಸು ಬೆಳಿಗ್ಗೆಯೂ ಇಲ್ಲೇ ಕೂತಿದ್ದಳು.

“ವೆಸಿನಾ, ಬನ್ನಿ ಇಲ್ಲಿ!” ಎಲಿಯೆಸೆರ್ ಬೆಂಚಿನ ಮೇಲೆ ಬಟ್ಟೆಯ ಗಂಟು ಬಿಚ್ಚುತ್ತಿದ್ದ. ಒಳಗೆ ಮಿಲ್ಕಾವ್, ಆಲೂಗಡ್ಡೆ ತುರಿದು ಬೇಯಿಸಿದ ದಪ್ಪ ರೊಟ್ಟಿ. “ಅಮ್ಮ ದೋಣೀಲಿ ಕಳ್ಸಿದ್ದು. ಪರೀಕ್ಷೆ ಆದ್ಮೇಲೆ ತಿನ್ನು, ಮೊದ್ಲೇ ತಿಂದು ನಿದ್ದೆ ಮಾಡ್ಬೇಡ ಅಂದಿದಾಳೆ. ಹಿಡೀರಿ. ವಿಷಾದಕರ ಅಂದ್ರಲ್ಲ, ಎಲ್ಲಿಂದ ತಂದ್ರಿ ಆ ಪದ? ನಾನು ಕೂತಲ್ಲೇ ಬೆವೆತ್ ಹೋದೆ.”

ಅವಳ ಕೈಗೆ ಒಂದು ಚೂರು ಬಂತು. ಅವನು ತನ್ನ ಚೂರನ್ನು ಬಾಯಿಗೆ ಇಟ್ಟುಕೊಂಡ. ಅವನು ನುಂಗುವವರೆಗೂ ಅವಳು ಕಾದಳು.

“ಎಲಿಯೆಸೆರ್, ರೇಡಿಯೋದಲ್ಲಿ ನಿಂಗೊಂದು ಸಂದೇಶ ಬಂತು.”

“ನಂಗಾ?”

“ಅಮ್ಮನ ಸ್ಥಿತಿ ಸೂಕ್ಷ್ಮವಾಗಿದೆ ಅಂತ. ಇವತ್ತಿನ ದೋಣೀಲೇ ಬಾ ಅಂತ.”

ಅವನು ಕೌಂಟರಿನ ಮೇಲಿದ್ದ ರೇಡಿಯೋ ನೋಡಿದ, ಅವಳನ್ನು ನೋಡಿದ. “ಈಗ ಬಂತಾ?”

ಅಲ್ಲ ಎನ್ನಬೇಕಿತ್ತು. ಎಲ್ಸಿರಾ ಅಲ್ಲ ಎನ್ನಲಿಲ್ಲ. ತಲೆ ತಗ್ಗಿಸಿದಳು. ಅದನ್ನು ಅವನು ಹೌದು ಎಂದುಕೊಂಡ.

“ಸೂಕ್ಷ್ಮ ಅಂದ್ರಾ, ಬಹಳ ಸೂಕ್ಷ್ಮ ಅಂದ್ರಾ?”

“ಸೂಕ್ಷ್ಮ ಅಂತ ಅಷ್ಟೇ.”

“ಹಂಗಾದ್ರೆ ಇನ್ನೂ ಇದಾಳೆ,” ಎಂದು ಅವನು ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಕಟ್ಟತೊಡಗಿದ. ಗಂಟು ಬೀಳುತ್ತಿರಲಿಲ್ಲ. “ಕೇಳಿದ್ ಕೂಡ್ಲೇ ಹೇಳಿದ್ರಲ್ಲ, ಒಳ್ಳೇದಾಯ್ತು ವೆಸಿನಾ. ನೀವ್ ಇಲ್ದಿದ್ರೆ ನಾನು ಪಂಜರಕ್ಕೇ ವಾಪಸ್ ಹೋಗ್ತಿದ್ದೆ.”

ಬಸ್ಸುಗಳು ನಿಲ್ಲುವ ಕಡೆಗೆ ಇಬ್ಬರೂ ಓಡಿದರು. ಮಾವನ ಬೂಟು ಎರಡು ಸಲ ಕಳಚಿತು. ಎರಡನೆಯ ಸಲ ಅವನು ಅದನ್ನು ಕೈಯಲ್ಲೇ ಹಿಡಿದು ಓಡಿದ. ಬೆಳಗಿನ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಮುಂದಿನ ಬಸ್ಸು ತುಂಬುವವರೆಗೆ ಅವನು ಮೆಟ್ಟಿಲ ಮೇಲೆ ನಿಂತೇ ಇದ್ದ. ಆಮೇಲೆ ಒಳಗೆ ಬಂದು ಎಲ್ಸಿರಾಳ ಪಕ್ಕ, ಕಿಟಕಿಯ ಹತ್ತಿರ ಕೂತ. ಇನ್ನೇನು ಹೊರಡಬೇಕು ಎನ್ನುವಾಗ ಖಾಲಿ ಬುಟ್ಟಿ ಹಿಡಿದು ದೊನ್ಯಾ ಸುನಿಲ್ದಾ ಹತ್ತಿದಳು.

ಮುದುಕಿ ಎಲ್ಸಿರಾಳನ್ನು ನೋಡಿದಳು. ಆಮೇಲೆ ಟೈ ಕಟ್ಟಿದ ಹುಡುಗನನ್ನು ನೋಡಿದಳು.

“ಇವ್ನೇನಾ ಉಬರ್ಲಿಂದಾ ಮಗ?”

“ಹೌದು ಅಜ್ಜಿ.”

“ಅಯ್ಯೋ ಮಗನೇ, ಇನ್ನೂ ಇಲ್ಲೇ ಇದೀಯಾ? ಈ ಹುಡ್ಗಿ ಬೆಳಿಗ್ಗೆ ಬಸ್ಸಲ್ಲಿ ಎಲ್ರ ಮುಂದೆ ಹೇಳಿದ್ಲಲ್ಲ, ಅವ್ನು ಸಿಗ್ತಾನೆ, ನಾನು ಹೇಳ್ತೀನಿ ಅಂತ. ನೀನು ಆಗ್ಲೇ ದೋಣಿ ಹತ್ತಿರ್ತೀಯ ಅಂತ ನಾನು ನೆಮ್ಮದಿಯಾಗಿ ಬೆಳ್ಳುಳ್ಳಿ ಮಾರ್ತಾ ಕೂತಿದ್ದೆ.”

ಎಲ್ಸಿರಾ ತನ್ನ ಮಡಿಲನ್ನು ನೋಡಿದಳು. ಅವನು ಕೊಟ್ಟ ರೊಟ್ಟಿಯ ಚೂರು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು, ಹಿಟ್ಟಾಗಿ ಬೆರಳಿಗೆ ಅಂಟಿತ್ತು. ಎಲಿಯೆಸೆರ್ ತಿರುಗಿ ಅವಳನ್ನು ನೋಡಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ತಲೆ ಎತ್ತುವ ಹೊತ್ತಿಗೆ ಅವನು ಕಿಟಕಿಯ ಕಡೆ ಮುಖ ಮಾಡಿದ್ದ.

“ಪರೀಕ್ಷೆ ಇತ್ತು ಅಜ್ಜಿ,” ಎಂದ ಅವನು, ಕಿಟಕಿಯನ್ನೇ ನೋಡುತ್ತ. ಫೆರ್ರಿಯ ಸಾಲಿನಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ದಡದ ತುದಿಯಲ್ಲಿ ನಿಂತ, ಹಾಗೆ ನಿಂತರೆ ಫೆರ್ರಿ ಬೇಗ ಬರುತ್ತದೆ ಎನ್ನುವ ಹಾಗೆ.

ಅಚಾವ್‌ನ ದಕ್ಕೆಯಲ್ಲಿ ಜನ ಕಾಯುತ್ತಿದ್ದರು. ಬೆಳಗಿನ ಸಂದೇಶ ಊರೆಲ್ಲ ಕೇಳಿತ್ತು. ಹುಡುಗ ಮುಂದಿನ ಬಸ್ಸಿನಲ್ಲಿ ಬರಬಹುದು ಎಂದು ಬೆಳಗಿನ ಬಸ್ಸಿನ ಡ್ರೈವರು ಹೇಳಿ ಹೋಗಿದ್ದ. ಅಪಿಯಾವ್ ದೋಣಿಯ ಜಾಗದಲ್ಲಿ ನೀರಷ್ಟೇ ಇತ್ತು.

“ಕಾದ್ರು ಮಾರಾಯಾ,” ಎಂದ ಹಗ್ಗ ಸುತ್ತುತ್ತಿದ್ದ ಒಬ್ಬ ಮುದುಕ. “ನಿನಗೋಸ್ಕರ ತುಂಬಾ ಹೊತ್ತು ಕಾದ್ರು. ಒಬ್ರೂ ಗೊಣಗ್ಲಿಲ್ಲ. ನೀರು ಇಳೀತಾ ಬಂತು, ಇನ್ನು ನಿಂತ್ರೆ ದೋಣಿ ಕೆಸರಲ್ಲಿ ಕೂರುತ್ತೆ ಅಂತ ಹೊರಟ್ರು. ಎಲ್ಲಿ ಸಿಕ್ಕಾಕೊಂಡಿದ್ದೆ?”

ಮುದುಕ ಎಲಿಯೆಸೆರ್‌ನ ಟೈ ನೋಡಿ, ಹಗ್ಗ ಕೆಳಗಿಟ್ಟ. “ನಡಿ. ನನ್ದು ಚಿಕ್ ದೋಣಿ, ನಿಧಾನ. ಕತ್ತಲೆ ಆಗುತ್ತೆ. ಆದ್ರೂ ನಡಿ.”

ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಎಲಿಯೆಸೆರ್ ದೋಣಿಯಲ್ಲಿ ಕೂರಲಿಲ್ಲ. ಗಂಟನ್ನು ಎದೆಗೆ ಹಿಡಿದು ಮುಂಭಾಗದಲ್ಲಿ ನಿಂತೇ ಹೋದ. ದಕ್ಕೆಯವರು ಕೈ ಎತ್ತಿದರು. ಎಲ್ಸಿರಾಳ ಕೈ ಏಳಲಿಲ್ಲ. “ನೀನು ಮಾಡೋದು ಮಾಡಿದೆ ಮಗಳೇ,” ಎಂದು ದೊನ್ಯಾ ಸುನಿಲ್ದಾ ಅವಳ ಬೆನ್ನು ಸವರಿದಳು.

ಕೆಲವು ದಿನಗಳ ನಂತರ ಎಲ್ಸಿರಾಳ ತಾಯಿ ಒಲೆಯ ಹತ್ತಿರ ಕೂತು ಸಂದೇಶ ಕೇಳುತ್ತಿದ್ದಾಗ ರೇಡಿಯೋದವನು ಓದಿದ: “ಅಪಿಯಾವ್‌ನ ಚಿಗುವಾಯ್ ಕುಟುಂಬದವರು ತಮ್ಮ ತಾಯಿಯ ಅಂತ್ಯಕ್ರಿಯೆಗೆ ಬಂದ ಎಲ್ಲರಿಗೂ ಕೃತಜ್ಞರಾಗಿದ್ದಾರೆ. ಮಗನನ್ನು ತಮ್ಮ ದೋಣಿಯಲ್ಲಿ ದಾಟಿಸಿದ ದೊನ್ ಫಿದೆಲ್ ಅವರಿಗೂ, ಸುದ್ದಿ ಮುಟ್ಟಿಸಿದ ಅಚಾವ್‌ನ ನೆರೆಯವರಾದ ಎಲ್ಸಿರಾ ಮಾನ್ಸಿಯಾ ಅವರಿಗೂ ವಿಶೇಷ ಕೃತಜ್ಞತೆಗಳು.”

“ನಿನ್ ಹೆಸ್ರು ಕಣೇ! ರೇಡಿಯೋದಲ್ಲಿ ನಿನ್ ಹೆಸ್ರು!” ತಾಯಿ ಧ್ವನಿ ಏರಿಸಿದಳು, ಅಷ್ಟರಲ್ಲಿ ಅದು ಮುಗಿದು ಯಾರದೋ ಹಂದಿಯ ಸಂದೇಶ ಬಂದಿತ್ತು. “ನನ್ಗೆ ಯಾಕೆ ಹೇಳ್ಲಿಲ್ಲ ನೀನು? ಇಂಥದ್ನೆಲ್ಲ ಮುಚ್ಚಿಟ್ಕೋತೀಯ. ಒಂಬತ್ತು ದಿನದ ಪ್ರಾರ್ಥನೆ ಇನ್ನೂ ಮುಗಿದಿರಲ್ಲ, ಹೋಗ್ ಬಾ, ಮುಂದೆ ಕೂರಿಸ್ತಾರೆ ನಿನ್ನ.”

ಎಲ್ಸಿರಾ ಪಾತ್ರೆ ತಿಕ್ಕುತ್ತಲೇ ಇದ್ದಳು. ಪ್ರಾರ್ಥನೆಗೆ ಅವಳು ಹೋಗಲಿಲ್ಲ. ಮೇಣದ ಬತ್ತಿ, ಸಕ್ಕರೆ ದೋಣಿಯವನ ಕೈಲಿ ಕಳಿಸಿದಳು.

ಇಬ್ಬರೂ ಪಾಸಾಗಿದ್ದರು. ಪ್ರಯೋಗಾಲಯದ ಕೆಲಸ ಎಲ್ಸಿರಾಗೆ ಸಿಕ್ಕಿತು. ಎಲಿಯೆಸೆರ್ ತರಗತಿಗೆ ಮತ್ತೆ ಬರಲಿಲ್ಲ, ಪಂಜರದ ಕೆಲಸವನ್ನೂ ಬಿಟ್ಟನಂತೆ. ಮಿಸ್ ಗ್ಲಾದಿಸ್ ಅವನ ಸರ್ಟಿಫಿಕೇಟನ್ನು ಎಲ್ಸಿರಾಳ ಕೈಗೇ ಕೊಟ್ಟರು. “ನೀನು ಅವ್ನಿಗೆ ಮುಟ್ಟಿಸ್ತೀಯ, ನಂಗೊತ್ತು,” ಎಂದರು. ಅವಳು ಅದು ನೆನೆಯದಿರಲಿ ಎಂದು ಹಳೆಯ ಪತ್ರಿಕೆಯೊಂದರಲ್ಲಿ ಸುತ್ತಿದಳು. ದೋಣಿ ಹೊರಡುವ ಹೊತ್ತಿಗೆ ದಕ್ಕೆಗೆ ಹೋಗುತ್ತಾಳೆ, ಅಪಿಯಾವ್‌ಗೆ ಹೋಗುವವರು ಹತ್ತುವುದನ್ನು ನೋಡುತ್ತ ನಿಲ್ಲುತ್ತಾಳೆ, ಹಗ್ಗ ಬಿಚ್ಚಿದ ಮೇಲೆ ಅದನ್ನು ಮತ್ತೆ ಕೋಟಿನೊಳಗೆ ಇಟ್ಟುಕೊಂಡು ಮನೆಗೆ ಬರುತ್ತಾಳೆ. ಯಾರ ಕೈಗಾದರೂ ಕೊಟ್ಟು ಕಳಿಸಬಹುದು. ಕೊಡುವುದಿಲ್ಲ.

ಆ ಸಂಜೆ ಎಲಿಯೆಸೆರ್ ಮನೆ ಮುಟ್ಟಿದಾಗ ದೊನ್ಯಾ ಉಬರ್ಲಿಂದಾಗೆ ಉಸಿರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಎಲ್ಸಿರಾಗೂ ಗೊತ್ತಿಲ್ಲ, ಅವಳು ಯಾರನ್ನೂ ಕೇಳಿಲ್ಲ. ಮಧ್ಯಾಹ್ನದ ದೋಣಿ ಸಿಕ್ಕಿದ್ದರೆ ಏನಾಗುತ್ತಿತ್ತೋ ಅದೂ ತಿಳಿಯದು. ರೇಡಿಯೋಗೆ ಅವಳ ಹೆಸರು ಬರೆಸಿದ್ದು ಅವನ ಅಕ್ಕಂದಿರೋ, ಅವನೋ, ಅವನೇ ಆಗಿದ್ದರೆ ಬಸ್ಸಿನಲ್ಲಿ ಮುದುಕಿ ಆಡಿದ ಮಾತು ಅವನಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೇ ಬರೆಸಿದನೋ, ಅದನ್ನು ಹೇಳಲು ನನ್ನಿಂದ ಆಗದು.